ವಿದೇಶಿ ವಾಲಂಟಿಯರ್‌ಗೆ ಮನೆಯಲ್ಲಿ ಜಾಗ ಕೊಟ್ಟ ನಮ್ಮ ಅನುಭವ

ಜರ್ಮನಿಯ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಮೈಸೂರಿನ ನಮ್ಮ ಮನೆಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಇದ್ದಳು. 2024ರ ಆಗಸ್ಟ್ ಕೊನೆಗೆ ಬಂದವಳು 2025ರ ಜುಲೈನಲ್ಲಿ ಹೊರಟಳು. ಅವಳು ಹೋದ ಮೇಲೆ ನಮ್ಮ ಬಡಾವಣೆಯ ಕೆಲವರು, ಮಂಡ್ಯದಲ್ಲಿರುವ ನನ್ನ ತಂಗಿಯ ಪರಿಚಯದವರು ಕೇಳುತ್ತಲೇ ಇದ್ದಾರೆ: "ನಮ್ಮನ್ನೂ ಕೇಳ್ತಿದ್ದಾರೆ, ಇಟ್ಕೋಬಹುದಾ? ಪೊಲೀಸು ಗಿಲೀಸು ಅಂತ ತೊಂದರೆ ಆಗಲ್ವಾ?" ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಎಲ್ಲ ಒಂದು ಕಡೆ ಬರೆದುಬಿಡೋಣ ಅನ್ನಿಸಿತು. ಇಟ್ಕೋಬಹುದು. ತೊಂದರೆ ಏನಿಲ್ಲ. ಆದರೆ ಕಾಗದಪತ್ರದ ಜವಾಬ್ದಾರಿ ಮನೆಯವರ ಮೇಲೂ ಇರುತ್ತದೆ. ಒಂದೇ ಸೂರಿನ ಕೆಳಗೆ ಹೊಂದಿಕೊಂಡು ಇರುವುದು ಅದಕ್ಕಿಂತ ದೊಡ್ಡ ಕೆಲಸ. ಎರಡನ್ನೂ ನಮಗೆ ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ.

ನಾವಿರುವುದು ಕುವೆಂಪುನಗರದಲ್ಲಿ. ನಾನು, ನಮ್ಮನೆಯವರು, ಎಂಬತ್ತು ದಾಟಿದ ನಮ್ಮತ್ತೆ. ಮೂಲ ಮದ್ದೂರಿನ ಕಡೆಯವರು. ಮಗ ಕೆಲಸಕ್ಕೆ ಅಂತ ಪುಣೆಗೆ ಹೋದ ಮೇಲೆ ಮಹಡಿ ರೂಮು ಖಾಲಿ ಬಿದ್ದಿತ್ತು. ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡುವ ನನ್ನ ಗೆಳತಿ ಒಂದು ದಿನ ಬಂದು, "ನಮ್ಮ ಶಾಲೆಗೆ ಜರ್ಮನಿಯಿಂದ ವಾಲಂಟಿಯರ್ ಬರ್ತಾಳೆ, ಹಾಸ್ಟೆಲ್‌ನಲ್ಲಿ ಇರೋ ಬದಲು ಒಂದು ಕುಟುಂಬದ ಜೊತೆ ಇರಬೇಕಂತೆ" ಅಂದಳು. ಆ ಹುಡುಗಿ ಬರುತ್ತಿದ್ದುದು ವೆಲ್ಟ್‌ವೆರ್ಟ್ಸ್ ಅನ್ನುವ ಯೋಜನೆಯಲ್ಲಿ. ಜರ್ಮನಿಯ ಅಭಿವೃದ್ಧಿ ಸಚಿವಾಲಯ 2008ರಲ್ಲಿ ಶುರು ಮಾಡಿದ ಯೋಜನೆ ಇದು. 18ರಿಂದ 28 ವರ್ಷದ ಒಳಗಿನವರು ಬೇರೆ ದೇಶದಲ್ಲಿ ಸಾಮಾನ್ಯವಾಗಿ ಒಂದು ವರ್ಷ ಸೇವೆ ಮಾಡುತ್ತಾರೆ. ಖರ್ಚಿನ ದೊಡ್ಡ ಪಾಲು ಅಲ್ಲಿನ ಸರ್ಕಾರದ್ದು. ಮನೆ ಹುಡುಕುವ ಕೆಲಸ ಇಲ್ಲಿನ ಸಂಸ್ಥೆಯದ್ದು.

ನಮ್ಮನೆಯವರು ಒಂದೇ ಮಾತಿಗೆ ಒಪ್ಪಿದರು. ನನಗೇ ಅನುಮಾನ ಇದ್ದಿದ್ದು. ಬೇರೆಯವರ ಮಗಳು, ಹೆಚ್ಚು ಕಡಿಮೆ ಆದರೆ ಯಾರು ಜವಾಬ್ದಾರಿ? ಅತ್ತೆ ಮಾತ್ರ "ಬರಲಿ ಬುಡು, ಮನೇಲಿ ಒಂದು ಕೂಸು ಓಡಾಡ್ಕೊಂಡಿದ್ರೆ ಚೆಂದ" ಅಂದುಬಿಟ್ಟರು.

ಸಂಸ್ಥೆಯ ಸಂಯೋಜಕಿ ಬಂದು ಮನೆ ನೋಡಿದರು. ಅವರು ಕೇಳಿದ್ದು ಸರಳ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬೇರೆ ರೂಮು, ಕಿಟಕಿಗೆ ಸೊಳ್ಳೆ ಜಾಲರಿ, ಕುಡಿಯಲು ಕಾಯಿಸಿದ ನೀರು, ದಿನಕ್ಕೆ ಮೂರು ಹೊತ್ತು ಊಟ ತಿಂಡಿ. ಎಸಿ, ಕಮೋಡು ಏನನ್ನೂ ಕೇಳಲಿಲ್ಲ. ಜಾಲರಿ, ಹೊಸ ಹಾಸಿಗೆ, ಮೇಜು, ಕುರ್ಚಿ, ಬಾತ್‌ರೂಮಿನ ಬಾಗಿಲು ರಿಪೇರಿ ಎಲ್ಲ ಸೇರಿ ನಮಗೆ 14 ಸಾವಿರದ ಹತ್ತಿರ ಆಯಿತು. ಇದನ್ನು ಸಂಸ್ಥೆ ಕೊಡುವುದಿಲ್ಲ. ಊಟ ಮತ್ತು ರೂಮಿಗೆ ಅಂತ ತಿಂಗಳಿಗೆ 9,000 ರೂಪಾಯಿ ಕೊಡುತ್ತಿದ್ದರು. ಬೇರೆ ಬೇರೆ ಸಂಸ್ಥೆಗಳದ್ದು ಬೇರೆ ಬೇರೆ ಇರುತ್ತದೆ. ಮೊದಲೇ ಕೇಳಿ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ದುಡ್ಡಿನ ಮಾತು ಆಡೋದು ಹೇಗೆ ಅಂತ ಸಂಕೋಚ ಬೇಡ.

ಆಮೇಲೆ ಕಾಯುವ ಕೆಲಸ. ಹುಡುಗಿ ಬರಬೇಕಿದ್ದದ್ದು ಆಗಸ್ಟ್ ಮೊದಲ ವಾರ. ವೀಸಾ ಬರಲಿಲ್ಲ. ನೋಂದಾಯಿತ ಸಂಸ್ಥೆಯಲ್ಲಿ ಸೇವೆಗೆ ಬರುವವರಿಗೆ ಕೊಡುವುದು ಎಂಪ್ಲಾಯ್‌ಮೆಂಟ್ ವೀಸಾ. ಯಾವ ಸಂಸ್ಥೆ, ಯಾವ ಊರು ಅಂತ ಅದರ ಮೇಲೇ ಬರೆದಿರುತ್ತದೆ. "ಟೂರಿಸ್ಟ್ ವೀಸಾದಲ್ಲಿ ಬಂದುಬಿಡಲಿ, ಆಮೇಲೆ ನೋಡೋಣ" ಅಂತ ನಮ್ಮ ನೆಂಟರೊಬ್ಬರು ಸಲಹೆ ಕೊಟ್ಟರು. ಖಂಡಿತ ಹಾಗೆ ಮಾಡಬೇಡಿ. ಟೂರಿಸ್ಟ್ ವೀಸಾದಲ್ಲಿ ಸೇವೆಗೆ ಅವಕಾಶ ಇರುವುದು ಹೆಚ್ಚೆಂದರೆ ಒಂದು ತಿಂಗಳು, ಅದೂ ಯಾವ ಹಣವನ್ನೂ ಪಡೆಯದೆ. ಒಂದು ವರ್ಷದ ಕೆಲಸಕ್ಕೆ ಅದು ನಡೆಯುವುದಿಲ್ಲ. ನಾವು ಹಾಸಿಗೆ ಹಾಸಿ, ಬೆಡ್‌ಶೀಟ್ ಬದಲಿಸಿ, ಮತ್ತೆ ಮಡಚಿಟ್ಟು ಕಾದೆವು. ಕೊನೆಗೆ ವೀಸಾ ಆಯಿತು ಅಂತ ಸುದ್ದಿ ಬಂದಾಗ ತಿಂಗಳು ಮುಗಿಯುತ್ತಾ ಬಂದಿತ್ತು.

ಈ ಕಾಯುವ ದಿನಗಳಲ್ಲೇ ಮಾಡಿ ಮುಗಿಸಬೇಕಾದ ಕೆಲಸ ಒಂದಿದೆ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಿ ಫಾರಂ ಸಲ್ಲಿಸಬೇಕು. ವಿದೇಶಿಯರು ನಮ್ಮಲ್ಲಿ ತಂಗಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಫಾರಂ ಇದು; 2025ರ ಸೆಪ್ಟೆಂಬರ್‌ನಿಂದ ಇದರ ಹೆಸರು ಫಾರಂ III ಅಂತ ಆಗಿದೆ. ಹೋಟೆಲಿನವರು ಮಾತ್ರ ಅಲ್ಲ, ಮನೆಯಲ್ಲಿ ಇಟ್ಟುಕೊಂಡವರೂ ಸಲ್ಲಿಸಬೇಕು. ಹುಡುಗಿಯಾಗಲಿ ಶಾಲೆಯಾಗಲಿ ಇದನ್ನು ಮಾಡುವುದಿಲ್ಲ, ಮನೆಯವರೇ ಮಾಡಬೇಕು. ಫಾರಂ ತುಂಬುವ ಮೊದಲು ನಿಮ್ಮ ಮನೆಯ ವಿಳಾಸ ಕೊಟ್ಟು ಪೋರ್ಟಲ್‌ನಲ್ಲಿ ಒಂದು ಯೂಸರ್ ಐಡಿ ಪಡೆಯಬೇಕು. ಅದಕ್ಕೆ ಒಪ್ಪಿಗೆ ಸಿಗಲು ದಿನ ಹಿಡಿಯುತ್ತದೆ. ಹುಡುಗಿ ಬಂದಿಳಿದ ಮೇಲೆ ಐಡಿಗೆ ಅರ್ಜಿ ಹಾಕಿದರೆ 24 ಗಂಟೆ ಸಾಕಾಗುವುದಿಲ್ಲ. ವಿಮಾನದ ಟಿಕೆಟ್ ಆಗುವ ಮೊದಲೇ ಐಡಿ ಕೈಯಲ್ಲಿರಲಿ.

ಐಡಿಗೆ ಕೂತಾಗಲೇ ನಮಗೆ ಮೊದಲ ತೊಡಕು ಎದುರಾದದ್ದು. ವಿಳಾಸದ ದಾಖಲೆಗೆ ಕರೆಂಟ್ ಬಿಲ್ ತೆಗೆದರೆ ಅದರಲ್ಲಿ ಇದ್ದದ್ದು ನಮ್ಮ ಮಾವನವರ ಹೆಸರು. ಅವರು ತೀರಿಕೊಂಡು ವರ್ಷಗಳೇ ಆದವು. ಮನೆಯ ಖಾತೆ ಅತ್ತೆಯ ಹೆಸರಿಗೆ ಆಗಿತ್ತು, ಕಂದಾಯದ ರಸೀದಿಯೂ ಅವರ ಹೆಸರಲ್ಲೇ ಬರುತ್ತಿತ್ತು. ಆರ್‌ಆರ್ ನಂಬರ್ ಮಾತ್ರ ಹಾಗೇ ಉಳಿದಿತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕಥೆ ಅಲ್ವಾ? ಬಿಲ್ ಕಟ್ಟುವವರೆಗೆ ಯಾರ ಹೆಸರಾದರೂ ನಡೆಯುತ್ತದೆ. ಹೀಗಾಗಿ ಕರೆಂಟ್ ಬಿಲ್ ಬದಿಗಿಟ್ಟು ಖಾತೆ ನಕಲು, ಕಂದಾಯ ರಸೀದಿ, ಅತ್ತೆಯ ಆಧಾರ್ ಇಟ್ಟು ಅವರ ಹೆಸರಲ್ಲೇ ಐಡಿ ಮಾಡಿಸಿದೆವು. ಎಂಬತ್ತು ದಾಟಿದ ನಮ್ಮತ್ತೆ ಸರ್ಕಾರದ ಲೆಕ್ಕದಲ್ಲಿ ವಿದೇಶಿಯರಿಗೆ ಆಶ್ರಯ ಕೊಟ್ಟ ಮನೆಯೊಡತಿ ಆದರು. ಮುಂದೆ ಎಲ್ಲ ಕಡೆಯೂ ಇದೇ ಹೆಸರು, ಇದೇ ವಿಳಾಸ, ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಕಡೆ 'ಎರಡನೇ ಹಂತ', ಇನ್ನೊಂದು ಕಡೆ 'ಎಂ ಬ್ಲಾಕ್' ಅಂತ ಹಾಕಬೇಡಿ.

ಅವಳ ವಿಮಾನ ಬೆಂಗಳೂರಿಗೆ ಇಳಿದದ್ದು ನಡುರಾತ್ರಿ ದಾಟಿದ ಮೇಲೆ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಇದೆ. ಸಂಯೋಜಕಿ ಜೊತೆಯಲ್ಲಿದ್ದು ಅದರಲ್ಲೇ ಕರೆದುಕೊಂಡು ಬಂದರು. ಬೆಳಿಗ್ಗೆ ಗೇಟಿನ ಮುಂದೆ ಆಟೋ ನಿಂತಾಗ ಬೆನ್ನಿಗೊಂದು, ಎದೆಗೊಂದು ಬ್ಯಾಗ್ ಹಾಕಿಕೊಂಡು ನಿಂತಿದ್ದ ಅವಳ ಮುಖ ಬಾಡಿತ್ತು. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಎದುರು ಮನೆಯವರೂ ಬಂದಿದ್ದರು. ಆ ದಿನ ಅವಳಿಗೆ ಬೇಕಿದ್ದದ್ದು ಸ್ನಾನ, ನಿದ್ದೆ ಮತ್ತು ಅಮ್ಮನಿಗೆ ಒಂದು ಫೋನು. ವೈಫೈ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಟ್ಟಿದ್ದು ಒಳ್ಳೆಯದಾಯಿತು. ನೆಂಟರಿಷ್ಟರನ್ನು ಕರೆಯುವುದು ಮುಂದಿನ ವಾರಕ್ಕೆ ಇರಲಿ.

ಅವಳು ಮಲಗಿದ್ದಾಗಲೇ ನಾನು, ನಮ್ಮನೆಯವರು ಪಾಸ್‌ಪೋರ್ಟ್ ಜೆರಾಕ್ಸ್ ಹಿಡಿದು ಸಿ ಫಾರಂಗೆ ಕೂತೆವು. ಸ್ಕ್ಯಾನ್ ಮಾಡಿಸಲು ಹೋಗಿದ್ದ ಸೈಬರ್ ಸೆಂಟರ್‌ನ ಹುಡುಗ "ಕೊಡಿ ಆಂಟಿ, ನಾನೇ ತುಂಬಿಕೊಡ್ತೀನಿ" ಅಂತ ತುಂಬಿದ. ಪಾಸ್‌ಪೋರ್ಟ್ ನಂಬರಿನ ಮಧ್ಯೆ ಒಂದು ಸೊನ್ನೆ ಇತ್ತು. ಅವನು ಅದನ್ನು ಇಂಗ್ಲಿಷಿನ 'ಓ' ಅಕ್ಷರ ಅಂದುಕೊಂಡು ಒತ್ತಿದ್ದ. ಸಲ್ಲಿಸುವ ಮೊದಲು ಅದು ಕಣ್ಣಿಗೆ ಬಿದ್ದದ್ದು ಪುಣ್ಯ. ಆಮೇಲೆ ಹುಡುಗಿಯೇ ಹೇಳಿದಳು: ಜರ್ಮನಿಯ ಪಾಸ್‌ಪೋರ್ಟ್ ನಂಬರಿನಲ್ಲಿ 'ಓ' ಅಕ್ಷರವನ್ನು ಬಳಸುವುದೇ ಇಲ್ಲ, ದುಂಡಗೆ ಕಂಡರೆ ಅದು ಸೊನ್ನೆಯೇ. ಜರ್ಮನಿಯವರನ್ನು ಇಟ್ಟುಕೊಳ್ಳುವವರು ಇದನ್ನು ನೆನಪಿಡಿ. ಇನ್ನೊಂದು, ಭಾರತಕ್ಕೆ ಬಂದ ದಿನಾಂಕ ಅಂತ ಕೇಳುವ ಕಡೆ ಇಮಿಗ್ರೇಶನ್ ಸೀಲಿನಲ್ಲಿರುವುದನ್ನೇ ಹಾಕಿ. ಮನೆಯಿಂದ ಹೊರಟ ದಿನ ಒಂದು, ಇಲ್ಲಿ ಇಳಿದ ದಿನ ಇನ್ನೊಂದು ಇರುತ್ತದೆ.

ಜರ್ಮನಿಯವರು ಕೈಯಲ್ಲಿ ಬರೆದ ಅಂಕಿಯ ಬಗ್ಗೆಯೂ ಎಚ್ಚರ ಇರಲಿ. ಅವಳು ಬರೆದ '1' ನಮ್ಮ ಕಣ್ಣಿಗೆ '7'ರ ಹಾಗೆ ಕಾಣುತ್ತಿತ್ತು, ಮೇಲೆ ಉದ್ದನೆಯ ಗೆರೆ ಎಳೆಯುತ್ತಾರೆ. ಏಳಕ್ಕೆ ಮಧ್ಯೆ ಅಡ್ಡಗೆರೆ ಇರುತ್ತದೆ. ಅವಳ ಅಪ್ಪನ ಫೋನ್ ನಂಬರನ್ನು ಚೀಟಿಯಿಂದ ಬರೆದುಕೊಳ್ಳುವ ಬದಲು ಎದುರಲ್ಲೇ ಒಂದು ಕರೆ ಮಾಡಿಸಿ ಸೇವ್ ಮಾಡಿಕೊಂಡೆವು.

ಮುಂದಿನದು ಇ-ಎಫ್‌ಆರ್‌ಆರ್‌ಒ ನೋಂದಣಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಆನ್‌ಲೈನ್ ಆಗಿ ಹೆಸರು ದಾಖಲಿಸುವುದು. ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದರೆ, ಬಂದ 14 ದಿನದೊಳಗೆ ಅರ್ಜಿ ಹಾಕಬೇಕು. ಇದು ಹುಡುಗಿಯ ಕೆಲಸ, ಆದರೆ ಅರ್ಧ ದಾಖಲೆ ನಮ್ಮಿಂದಲೇ ಹೋಗಬೇಕು. ಪಾಸ್‌ಪೋರ್ಟ್, ವೀಸಾ, ಬಿಳಿ ಹಿನ್ನೆಲೆಯ ಫೋಟೋ, ಶಾಲೆಯ ಪತ್ರ, ಸಿ ಫಾರಂ ಪ್ರತಿ, ವಾಸದ ದಾಖಲೆ. 2018ರಿಂದ ಈ ಕೆಲಸ ಆನ್‌ಲೈನ್ ಆಗಿದೆ. ಕರೆದರೆ ಮಾತ್ರ ಬೆಂಗಳೂರಿನ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಕಚೇರಿಗೆ ಹೋಗಬೇಕು. ನಮ್ಮನ್ನು ಕರೆಯಲಿಲ್ಲ. ಆದರೆ ಅರ್ಜಿ ಹಾಕಿದ ಮೇಲೆ ಒಂದು ಪ್ರಶ್ನೆ ವಾಪಸ್ ಬಂತು: ಮನೆ ಯಾರ ಹೆಸರಿನಲ್ಲಿದೆಯೋ ಅವರೇ ಸಹಿ ಮಾಡಿದ ಪತ್ರ ಬೇಕು.

ನಮ್ಮನೆಯವರು ಇಂಗ್ಲಿಷಿನಲ್ಲಿ ಪತ್ರ ಟೈಪ್ ಮಾಡಿಸಿ ತಂದರು. ಅತ್ತೆ ಹಜಾರದ ಕಿಟಕಿ ಪಕ್ಕ ಕೂತು, ಕನ್ನಡಕ ಒರೆಸಿಕೊಂಡು, ಪೆನ್ನನ್ನು ಗಟ್ಟಿಯಾಗಿ ಹಿಡಿದು ಒಂದೊಂದೇ ಅಕ್ಷರ ಬರೆದರು. ಒತ್ತಕ್ಷರದ ಹತ್ತಿರ ಕೈ ನಡುಗಿತು. ಅವರು ಓದಿದ್ದು ಊರಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ. ಹುಡುಗಿ ಪಕ್ಕದಲ್ಲಿ ನೆಲದ ಮೇಲೆ ಕೂತು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಸಹಿ ಮುಗಿದ ಮೇಲೆ ಅತ್ತೆ, "ಇಷ್ಟು ಸಾಕೇನವ್ವ, ಇನ್ನು ನಿನ್ನ ಯಾರೂ ಕಳಿಸಕ್ಕಾಗಲ್ಲ ಅಲ್ವಾ?" ಅಂತ ಕೇಳಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವಳ ಕಣ್ಣು ತುಂಬಿಕೊಂಡಿತು.

ನೋಂದಣಿ ಆಗುವವರೆಗೆ ಅವಳು ದಿನಾ ಬೆಳಿಗ್ಗೆ ಎದ್ದ ತಕ್ಷಣ ಇಮೇಲ್ ನೋಡುತ್ತಿದ್ದಳು. ಮಧ್ಯೆ ಒಬ್ಬ ಕಾನ್‌ಸ್ಟೇಬಲ್ ಬಂದು ಮನೆ ಹೌದೋ ಅಲ್ಲವೋ ನೋಡಿಕೊಂಡು, ಪಾಸ್‌ಪೋರ್ಟ್ ನೋಡಿ, ಕಾಫಿ ಕುಡಿದು ಹೋದರು. ಹೆದರುವಂಥದ್ದು ಏನೂ ಇಲ್ಲ. ಅಕ್ಕಪಕ್ಕದವರು "ಪೊಲೀಸ್ ಯಾಕೆ ಬಂದಿದ್ರು?" ಅಂತ ಕೇಳಿಯೇ ಕೇಳುತ್ತಾರೆ. ಮೊದಲೇ ಅವರಿಗೆ ಒಂದು ಮಾತು ಹೇಳಿಟ್ಟಿರಿ. ನೋಂದಣಿಯ ಪತ್ರ ಇಮೇಲ್‌ಗೆ ಬಂದಾಗ ಎರಡು ಪ್ರಿಂಟ್ ತೆಗೆದು, ಒಂದನ್ನು ಅವಳ ಬ್ಯಾಗಿನಲ್ಲಿ, ಒಂದನ್ನು ನಮ್ಮ ಬೀರುವಿನಲ್ಲಿ ಇಟ್ಟೆವು.

ಸಿಮ್ ಕಾರ್ಡಿಗೆ ಪಾಸ್‌ಪೋರ್ಟ್, ವೀಸಾ ಮತ್ತು ಇಲ್ಲಿನವರೊಬ್ಬರ ನಂಬರ್ ಬೇಕಾಯಿತು. ಯುಪಿಐ ಇಲ್ಲದ್ದರಿಂದ ಅವಳಿಗೆ ದಿನಾ ಚಿಲ್ಲರೆಯ ಚಿಂತೆ. ಹಾಲಿನವರು, ಹೂವಿನವರು ಕೊಡುವ ಹತ್ತು ಇಪ್ಪತ್ತರ ನೋಟುಗಳನ್ನು ನಾನು ಒಂದು ಡಬ್ಬಿಯಲ್ಲಿ ತೆಗೆದಿಡುತ್ತಿದ್ದೆ. ಬಸ್ಸಿನಲ್ಲಿ ಮೊದಲ ದಿನ ಕಂಡಕ್ಟರ್ "ಆಧಾರ್ ತೋರ್ಸಮ್ಮ" ಅಂದಾಗ ಅವಳು ಪಾಸ್‌ಪೋರ್ಟ್ ತೆಗೆದಳಂತೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ಹೆಣ್ಣುಮಕ್ಕಳಿಗೆ ಮಾತ್ರ. ಉಳಿದ ಹೆಂಗಸರೆಲ್ಲ ಸೊನ್ನೆ ಟಿಕೆಟ್ ತೆಗೆದುಕೊಂಡಾಗ ತಾನೊಬ್ಬಳೇ ದುಡ್ಡು ಕೊಡಬೇಕಾದದ್ದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಯಾಕೆ ಅಂತ ಗೊತ್ತಿರದಿದ್ದರೆ ಮಾತ್ರ ಮೋಸ ಹೋದೆ ಅನ್ನಿಸುತ್ತದೆ. ಹಾಗಾಗಿ ಮೊದಲೇ ಹೇಳಿ.

ಇನ್ನು ಊಟ. ಬರುವ ಮೊದಲು ಬಂದ ಫಾರಂನಲ್ಲಿ ಸಸ್ಯಾಹಾರಿ ಅಂತ ಇತ್ತು. ಬಂದ ಮೇಲೆ ಗೊತ್ತಾಯಿತು, ಹಾಲು, ಮೊಸರು, ತುಪ್ಪ, ಬೆಣ್ಣೆ ಯಾವುದೂ ಇಲ್ಲ. ಅತ್ತೆಗೆ ಇದು ದೊಡ್ಡ ಆಘಾತ. "ಮಜ್ಜಿಗೆನೂ ಕುಡಿಯಲ್ವಾ? ಮತ್ತೆ ಊಟ ಮುಗಿಸೋದು ಹೆಂಗೆ?" ನನಗೂ ಏನು ಮಾಡಿ ಹಾಕಲಿ ಅಂತ ತಲೆನೋವಾಯಿತು. ಆದರೆ ಕೂತು ಯೋಚಿಸಿದರೆ ನಮ್ಮ ಮಂಡ್ಯ ಕಡೆಯ ದಿನನಿತ್ಯದ ಅಡುಗೆಯಲ್ಲಿ ಹಾಲು ತುಪ್ಪದ ಪಾಲೇ ಕಡಿಮೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಬಸ್ಸಾರು, ಉಪ್ಸಾರು ಖಾರ, ಹುರುಳಿಕಾಳು ಸಾರು, ಹುಚ್ಚೆಳ್ಳು ಚಟ್ನಿ, ಅಕ್ಕಿ ರೊಟ್ಟಿ, ಚಿತ್ರಾನ್ನ, ಒತ್ತುಶಾವಿಗೆ ಕಾಯಿಹಾಲು. ತುಪ್ಪ ಹಾಕುವುದು ಮೇಲಿನಿಂದ, ಬಿಟ್ಟರೆ ಆಯಿತು. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಕಾಫಿಗೆ ಮಾತ್ರ ಹಾಲಿಲ್ಲದೆ ಬೆಲ್ಲ ಹಾಕಿ ಕೊಡುತ್ತಿದ್ದೆ. ದೇವಸ್ಥಾನದ ಪ್ರಸಾದದಲ್ಲಿ ತುಪ್ಪ ಇರುತ್ತದೆ ಅಂತ ತಿಳಿಸಿದೆ, ತೆಗೆದುಕೊಳ್ಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಭಾನುವಾರದ ಕೋಳಿ ಸಾರಿಗೆ ಬೇರೆ ಪಾತ್ರೆ, ಬೇರೆ ಸೌಟು ಇಟ್ಟುಕೊಂಡೆವು. ಅವಳು ಎದುರಲ್ಲೇ ಕೂತು ತನ್ನ ಸೊಪ್ಪಿನ ಸಾರು ಉಣ್ಣುತ್ತಿದ್ದಳು.

ಮುದ್ದೆ ಕಲಿಸಿದ್ದು ಅತ್ತೆ. ಮೊದಲ ಸಲ ಅವಳು ಮುದ್ದೆ ಮುರಿದು ಬಾಯಲ್ಲಿಟ್ಟು ಅಗಿಯುತ್ತಲೇ ಇದ್ದಳು. "ಅಗೀಬ್ಯಾಡ ಕಣವ್ವ, ನುಂಗು" ಅಂತ ಅತ್ತೆ ತಮ್ಮ ಗಂಟಲು ಮುಟ್ಟಿ ತೋರಿಸಿದರು. ಬಿಸಿಗೆ ಬೆರಳು ಸುಟ್ಟುಕೊಂಡು, ಸಣ್ಣ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ನುಂಗಿದಳು. ವಾರದೊಳಗೆ ಕಲಿತುಬಿಟ್ಟಳು.

ಊಟದ ಹೊತ್ತೇ ಬೇರೆ ಸಮಸ್ಯೆ. ಅವರ ಕಡೆ ರಾತ್ರಿ ಊಟ ಬೇಗ, ಅದೂ ಹೆಚ್ಚಾಗಿ ಬ್ರೆಡ್ಡು. ನಮ್ಮದು ಒಂಬತ್ತಕ್ಕೆ. ಏಳು ಗಂಟೆಗೇ ಹಸಿವಾದರೂ ಕೇಳಲು ಸಂಕೋಚಪಟ್ಟು ಸುಮ್ನೆ ಕೂತಿರುತ್ತಿದ್ದಳು. ಬಾಳೆಹಣ್ಣು, ಕಡಲೆಬೀಜ, ಬ್ರೆಡ್ಡು ಇರುವ ಒಂದು ಬುಟ್ಟಿ ಮಾಡಿ "ಇದು ನಿನ್ನದು, ಕೇಳಬೇಕಾಗಿಲ್ಲ" ಅಂತ ಇಟ್ಟ ಮೇಲೆ ಸರಿಹೋಯಿತು.

ಬಾತ್‌ರೂಮಿನ ವಿಷಯ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಟಿಶ್ಯೂ ಕಾಗದ ಒಳಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ, ಮುಚ್ಚಳದ ಡಬ್ಬಿ ಇಲ್ಲಿದೆ. ಕಾವೇರಿ ನೀರು ಬಿಡುವ ಹೊತ್ತು ಇದು, ಸಂಪು ತುಂಬಿಸುವ ಮೋಟಾರ್ ಸ್ವಿಚ್ಚು ಇದು. ಪ್ಯಾಡ್ ಎಲ್ಲಿ ಹಾಕಬೇಕು, ಕಸದ ಗಾಡಿಗೆ ಹೇಗೆ ಸುತ್ತಿ ಕೊಡಬೇಕು. ಮುಟ್ಟಿನ ದಿನಗಳಲ್ಲಿ ದೇವರ ಮನೆಗೆ ಹೋಗುವುದು ಅತ್ತೆಗೆ ಇಷ್ಟವಿಲ್ಲ ಅನ್ನುವುದನ್ನು ನಾನೇ ರೂಮಿಗೆ ಹೋಗಿ ಮೆಲ್ಲಗೆ ಹೇಳಿದೆ. "ನಾನು ಇದನ್ನು ಒಪ್ಪುವುದಿಲ್ಲ, ಆದರೆ ಅಜ್ಜಿಗೋಸ್ಕರ ಹೋಗುವುದಿಲ್ಲ" ಅಂದಳು. ಅಡುಗೆಮನೆ, ಹಜಾರ ಎಲ್ಲ ಕಡೆ ಎಂದಿನ ಹಾಗೆ ಓಡಾಡಿಕೊಂಡಿದ್ದಳು. ಅತ್ತೆಯೂ ಆಮೇಲೆ ಕೇಳಲಿಲ್ಲ. ಆ ಮಾತು ಆಡಿಬಿಟ್ಟಿದ್ದರಿಂದ ನಮ್ಮಿಬ್ಬರ ಮಧ್ಯೆ ಒಂದು ಸಲಿಗೆ ಬಂತು.

ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬ ಆದ ಹತ್ತಿರದಲ್ಲೇ ಅವಳಿಗೆ ಜ್ವರ ಬಂತು. ಆ ತಿಂಗಳು ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ನನಗೆ ಕೈಕಾಲು ಆಡಲಿಲ್ಲ. ಸಾವಿರಾರು ಮೈಲಿ ದೂರದಲ್ಲಿರುವ ಅವಳ ಅಮ್ಮನಿಗೆ ಏನು ಹೇಳುವುದು? ರಾತ್ರಿಯೆಲ್ಲ ಒದ್ದೆ ಬಟ್ಟೆ ಹಣೆಗಿಟ್ಟು ಕೂತಿದ್ದೆ. ಬೆಳಿಗ್ಗೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ ವಿದೇಶಿ ಅಂತ ನೋಡಿದ ತಕ್ಷಣ ಅಡ್ಮಿಟ್ ಆಗಿ, ಆ ಟೆಸ್ಟು ಈ ಟೆಸ್ಟು ಅಂತ ಉದ್ದದ ಪಟ್ಟಿ ಕೊಟ್ಟರು. ಆ ವರ್ಷ ಸರ್ಕಾರ ಡೆಂಗಿಯ ಎನ್‌ಎಸ್1 ಮತ್ತು ಐಜಿಎಂ ಎಲಿಸಾ ಪರೀಕ್ಷೆಗೆ ತಲಾ 300 ರೂಪಾಯಿ ಅಂತ ದರ ನಿಗದಿ ಮಾಡಿತ್ತು. ನಮ್ಮನೆಯವರಿಗೆ ಅದು ಗೊತ್ತಿತ್ತು. ಅಷ್ಟು ಪರೀಕ್ಷೆ ಮಾಡಿಸಿ, ನಮ್ಮ ಬಡಾವಣೆಯ ಡಾಕ್ಟರಿಗೆ ತೋರಿಸಿದೆವು. ಡೆಂಗಿ ಅಲ್ಲ, ವೈರಲ್ ಜ್ವರ. ಗಂಜಿ, ತಿಳಿಸಾರು, ನಿದ್ದೆ. ಅವಳ ವಿಮೆ ಜರ್ಮನಿಯ ಸಂಸ್ಥೆ ಮಾಡಿಸಿದ್ದು, ನಾವು ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು. ಅದಕ್ಕೆ ಡಾಕ್ಟರ ಚೀಟಿಯಲ್ಲಿ ಕಾಯಿಲೆಯ ಹೆಸರು ಇಂಗ್ಲಿಷಿನಲ್ಲಿ ಇರಬೇಕು, ಸೀಲು ಇರುವ ಮೂಲ ಬಿಲ್ಲು ಬೇಕು. ಮೆಡಿಕಲ್ ಶಾಪಿನ ಸಣ್ಣ ಬಿಲ್ಲನ್ನೂ ಎಸೆಯಬೇಡಿ. ವಿಮೆಯ ಸಹಾಯವಾಣಿ ನಂಬರನ್ನು ಮೊದಲ ವಾರವೇ ಬರೆದಿಟ್ಟುಕೊಳ್ಳಿ.

ದಸರಾ ಬಂದು ಹೋಯಿತು. ಅಕ್ಕಪಕ್ಕದ ಮನೆಗಳ ಗೊಂಬೆ ನೋಡಲು ನನ್ನ ಜೊತೆ ಬಂದಳು, ಅಕ್ಟೋಬರ್ 12ರ ಜಂಬೂಸವಾರಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯಿಂದ ಜಾಗ ಹಿಡಿದು ಕೂತಳು. ನಮ್ಮ ಕಣ್ಣಿಗೆ ಎಲ್ಲ ಚೆನ್ನಾಗೇ ಇತ್ತು.

ನವೆಂಬರ್ ಹೊತ್ತಿಗೆ ಅವಳು ಬದಲಾದಳು. ಶಾಲೆಯಿಂದ ತಡವಾಗಿ ಬರುತ್ತಿದ್ದಳು. ಬಂದ ತಕ್ಷಣ ಮಹಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಊಟ ಬೇಡ ಆಂಟಿ, ಹೊರಗೆ ತಿಂದೆ" ಅನ್ನುತ್ತಿದ್ದಳು. ಅತ್ತೆ "ಕೂಸಿಗೆ ನಮ್ಮನೆ ಅನ್ನ ಸೇರ್ತಿಲ್ಲ" ಅಂತ ಕಣ್ಣೀರು ಹಾಕಿದರು. ನನಗೂ ಒಳಗೊಳಗೆ ನೋವು. ಸಂಯೋಜಕಿಗೆ ಫೋನ್ ಮಾಡಿದೆ. ಒಂದು ಶನಿವಾರ ಅವರು ಬಂದು ಎಲ್ಲರನ್ನೂ ಕೂರಿಸಿ ಮಾತಾಡಿಸಿದರು.

ಹುಡುಗಿ ಮೊದಲು ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: "ಇಲ್ಲಿ ನಾನು ಯಾವ ಕೆಲಸಕ್ಕೂ ಬೇಕಾಗಿಲ್ಲ. ತಟ್ಟೆ ತೊಳೆಯಲು ಹೋದರೆ ಕೈಯಿಂದ ಕಿತ್ತುಕೊಳ್ತೀರಿ. ಬಟ್ಟೆ ಒಗೆಯಲು ಬಿಡಲ್ಲ. ಸಾಕು ಅಂದರೆ ಇನ್ನೊಂದು ಸೌಟು ಹಾಕ್ತೀರಿ. ತಟ್ಟೆಯಲ್ಲಿ ಬಿಡಬಾರದು ಅಂತ ನಾನು ಎಲ್ಲ ತಿಂತೀನಿ, ರಾತ್ರಿ ಹೊಟ್ಟೆನೋವು ಬರುತ್ತೆ. ನೀವು ಮೂವರೂ ನನ್ನನ್ನು ಪ್ರೀತಿಸ್ತೀರಿ, ಗೊತ್ತು. ಆದರೆ ನಾನು ಲಾಡ್ಜಿನಲ್ಲಿ ಇದ್ದ ಹಾಗೆ ಅನ್ನಿಸುತ್ತೆ."

ಇದನ್ನು ಕೇಳಿ ನಾವು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಬಂದವರಿಗೆ ಎದ್ದು ನೀರು ಕುಡಿಯಲೂ ಬಿಡದಿರುವುದು, ಬೇಡ ಅಂದರೂ ಬಡಿಸುವುದು ನಮ್ಮಲ್ಲಿ ಮರ್ಯಾದೆ. ಒಂದು ವಾರ ಇದ್ದು ಹೋಗುವ ನೆಂಟರಿಗೆ ಅದು ಸರಿ. ವರ್ಷಗಟ್ಟಲೆ ಇರುವವರಿಗೆ ಅದೇ ಉಪಚಾರ ಹೊರಗಿನವರು ಅನ್ನುವುದನ್ನು ದಿನಾ ನೆನಪಿಸುತ್ತದೆ. ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ಫಾರಂಗಳನ್ನು ಯಾರಾದರೂ ತುಂಬಿಕೊಡಬಹುದು. ಮನೆಗೆ ಬಂದವರಿಗೆ ಮನೆಗೆಲಸದಲ್ಲಿ ಪಾಲು ಕೊಡುವುದನ್ನು ಮನೆಯವರೇ ಮಾಡಬೇಕು, ಮೊದಲ ವಾರದಲ್ಲೇ ಮಾಡಬೇಕು.

ಅವತ್ತೇ ಒಂದಷ್ಟು ಮಾತಾಡಿಕೊಂಡೆವು. ರಾತ್ರಿ ಪಾತ್ರೆ ತೊಳೆಯುವುದು, ಗಿಡಕ್ಕೆ ನೀರು ಹಾಕುವುದು ಅವಳದ್ದು. ಗುರುವಾರ ಸಂಜೆ ಅಡುಗೆ ಅವಳದ್ದೇ. ಸಾಕು ಅಂತ ತಟ್ಟೆಗೆ ಕೈ ಅಡ್ಡ ಹಿಡಿದರೆ ಯಾರೂ ಬಡಿಸುವಂತಿಲ್ಲ, ಅತ್ತೆಯೂ ಸಹ. ಬಾಗಿಲು ಹಾಕಿಕೊಂಡು ಕೂತರೆ ಮುನಿಸಲ್ಲ, ಅವಳಿಗೆ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು, ಅಷ್ಟೇ. ನಮ್ಮ ಕಡೆಯಿಂದ ಕೇಳಿದ್ದು ಎರಡು. ಎಂಟು ಗಂಟೆಗಿಂತ ತಡವಾದರೆ ಮೆಸೇಜ್ ಮಾಡಬೇಕು. ಊಟಕ್ಕೆ ಬರಲ್ಲ ಅಂದರೆ ಸಂಜೆ ಐದರೊಳಗೆ ಹೇಳಬೇಕು. ಅನುಮಾನಕ್ಕಲ್ಲ, ಭಯಕ್ಕೆ ಅಂತ ಬಿಡಿಸಿ ಹೇಳಿದೆ. ತಕ್ಷಣ ಒಪ್ಪಿಕೊಂಡಳು.

ಆಮೇಲಿನ ತಿಂಗಳುಗಳೇ ಬೇರೆ. ಡಿಸೆಂಬರ್‌ನಲ್ಲಿ ಅವರೆಕಾಯಿ ಬಂತು. ಸಂಜೆ ಅತ್ತೆ, ಅವಳು ಹಜಾರದಲ್ಲಿ ಪೇಪರ್ ಹರಡಿಕೊಂಡು ಸೊಗಡಿನ ಕಾಯಿ ಬಿಡಿಸುತ್ತಿದ್ದರು. ನೆನೆಹಾಕಿದ ಕಾಳನ್ನು ಮಾರನೆಯ ದಿನ ಹಿತುಕುವುದು. ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿದರೆ ಬೇಳೆ ಚಂಗನೆ ಹಾರಿ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅವಳು ಒತ್ತಿದ ಕಾಳು ಸೋಫಾದ ಕೆಳಗೆ, ಟಿವಿ ಹಿಂದೆ, ಅತ್ತೆಯ ಮಡಿಲಿಗೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬಾರದು. ಆದರೂ ಗಂಟೆಗಟ್ಟಲೆ ಮಾತು ನಡೆಯುತ್ತಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ಬೀದಿಯ ಮನೆಗಳಿಗೆ ಅವಳೇ ಹೋಗಿ ಬಂದಳು.

ಖರ್ಚಿನ ವಿಷಯ ಕೇಳುತ್ತೀರಿ ಅಂತ ಗೊತ್ತು. ತಿಂಗಳ 9,000 ಊಟ ತಿಂಡಿಗೆ ಸಾಕಾಗುತ್ತಿತ್ತು. ಗ್ಯಾಸ್ ಸಿಲಿಂಡರ್ ಮುಂಚೆಗಿಂತ ಬೇಗ ಖಾಲಿಯಾಗುತ್ತಿತ್ತು, ಕುಡಿಯುವ ನೀರನ್ನೂ ಕಾಯಿಸುತ್ತಿದ್ದೆವಲ್ಲ. ಲೆಕ್ಕ ತಪ್ಪಿಸಿದ್ದು ಕರೆಂಟು. ಗೃಹಜ್ಯೋತಿಯಲ್ಲಿ ನಮ್ಮ ಹಳೆಯ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ ನಿಗದಿಯಾಗಿರುತ್ತದೆ. ಮನೆಯಲ್ಲಿ ಒಬ್ಬರು ಜಾಸ್ತಿಯಾದರೆ ಮಿತಿ ದಾಟುತ್ತದೆ, ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ನಮ್ಮದೇ. ಮಳೆಗಾಲದಲ್ಲಿ ಸೋಲಾರ್ ನೀರು ಕಾಯುವುದಿಲ್ಲ, ಮಹಡಿಯ ಗೀಸರ್ ಓಡುತ್ತದೆ. ನಾವು ಇದನ್ನು ಸಂಸ್ಥೆಗೆ ಹೇಳಿದ ಮೇಲೆ ಜನವರಿಯಿಂದ ಕರೆಂಟಿಗೆ ಅಂತ ಸ್ವಲ್ಪ ಸೇರಿಸಿ ಕೊಟ್ಟರು. ನೀವು ಒಪ್ಪಂದದಲ್ಲೇ ಸೇರಿಸಿಕೊಳ್ಳಿ.

ಜುಲೈನಲ್ಲಿ ಹೊರಡುವಾಗ ಅತ್ತೆ ವೀಳ್ಯದೆಲೆ ಕಟ್ಟು, ನಂಜನಗೂಡು ರಸಬಾಳೆ ಕಟ್ಟಿಕೊಡಲು ಹೊರಟರು. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಹಸಿ ಎಲೆಯನ್ನು ಯುರೋಪಿನೊಳಗೆ ಬಿಡುವುದಿಲ್ಲ, ಬಾಳೆಹಣ್ಣಿಗೆ ಆ ಪತ್ರ ಬೇಕಿಲ್ಲ. ಎಲೆ ಇಲ್ಲೇ ಉಳಿಯಿತು, ಹಣ್ಣು ಹೋಯಿತು. ಜೊತೆಗೆ ರಾಗಿ ಹಿಟ್ಟು, ಉಪ್ಸಾರಿಗೆ ಒಣಮೆಣಸಿನಕಾಯಿ. ಅವಳನ್ನು ಫ್ಲೈಬಸ್ ಹತ್ತಿಸಿ ಬಂದ ಮೇಲೆ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೊರಟ ದಿನಾಂಕವನ್ನೂ ಪೋರ್ಟಲ್‌ನಲ್ಲಿ ನಮೂದಿಸಬೇಕು, ಮರೆಯಬೇಡಿ. ಆಮೇಲೆ ಕಾನೂನೂ ಬದಲಾಗಿದೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ, 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳು ಹೋಗಿವೆ. ಮನೆಯಲ್ಲಿ ಇಟ್ಟುಕೊಂಡವರು ತಿಳಿಸಬೇಕು ಅನ್ನುವುದು ಹಾಗೇ ಇದೆ. ಅದಕ್ಕೇ ಹಳೆಯ ವಿಡಿಯೋ ನೋಡಿಕೊಂಡು ಫಾರಂ ತುಂಬಲು ಹೋಗಬೇಡಿ, ಪೋರ್ಟಲ್‌ನಲ್ಲಿ ಇವತ್ತು ಇರುವ ಸೂಚನೆ ಓದಿ. ನಾವು ಈ ನಡುವೆ ಮಾವನವರ ಮರಣ ಪ್ರಮಾಣಪತ್ರ, ಖಾತೆ ನಕಲು, ಛಾಪಾ ಕಾಗದದ ಮೇಲೆ ಮಕ್ಕಳೆಲ್ಲರ ಒಪ್ಪಿಗೆ ಇಟ್ಟು ಕರೆಂಟ್ ಬಿಲ್ಲನ್ನು ಅತ್ತೆಯ ಹೆಸರಿಗೆ ಮಾಡಿಸಿದ್ದೇವೆ. ಮುಂದಿನ ಆಗಸ್ಟ್‌ಗೆ ಇನ್ನೊಬ್ಬಳು ಬರುತ್ತಾಳೆ.